ತಾರೀಖಿಲ್ಲದ ವಚನ

ಕಳೆದ ವಾರ ನಮ್ಮ ಹಳೆಯ ವಾಟ್ಸಾಪ್ ಗುಂಪಿಗೆ ಮತ್ತೆ ಜೀವ ಬಂತು. ಆರು ವರ್ಷದ ಹಿಂದೆ ಇಂಡೊನೇಷ್ಯಾದ ಜಾವಾ ದ್ವೀಪದ ಊರು ಯೋಗ್ಯಕರ್ತಾದ ಒಂದೇ ಓಣಿಯ ಬಾಡಿಗೆ ಕೋಣೆಗಳಲ್ಲಿದ್ದ ಐದು ಜನರ ಗುಂಪು ಅದು. ನಾಲ್ವರು ಆ ದೇಶದ ಬೇರೆ ಬೇರೆ ಊರುಗಳವರು, ಐದನೆಯವಳು ನಾನು. "ಡಿಸೆಂಬರಿನಲ್ಲಿ ಎಲ್ಲರೂ ಜೋಗ್ಜಾದಲ್ಲಿ ಸೇರೋಣವಾ?" ಎಂದು ದೆಪೋಕ್‌ನ ಹುಡುಗ ಬರೆದಿದ್ದ. ಜೋಗ್ಜಾ ಎಂದರೆ ಯೋಗ್ಯಕರ್ತಾವೇ. ಐದು ನಿಮಿಷ ಆಗುವುದರೊಳಗೆ ಕೆಬುಮೆನ್‌ನವನ ಉತ್ತರ ಒಂದೇ ಪದದಲ್ಲಿ ಬಂತು: "ವಚಾನಾ." ಅದರ ಬೆನ್ನಿಗೇ ಮಕಾಸ್ಸರ್‌ನವಳು, "ವಚಾನಾ ಲಾಗಿ." ಮತ್ತದೇ ವಚಾನಾ. ಅಲ್ಲಿಗೆ ಮಾತು ನಿಂತಿತು. ಬ್ಲಿತಾರ್‌ನ ಹುಡುಗಿ ಏನೂ ಬರೆಯಲಿಲ್ಲ. ನಾನೂ ಬರೆಯಲಿಲ್ಲ. ಆದರೆ ಆ ಪದ ಅವತ್ತಿನಿಂದ ನನ್ನನ್ನು ಬಿಟ್ಟಿಲ್ಲ.

ವಚಾನಾ ಎಂದರೆ ನಮ್ಮ ವಚನವೇ. ಸಂಸ್ಕೃತದಿಂದ ಹಳೆಯ ಜಾವಾ ನುಡಿಗೆ ಹೋಗಿ, ಅಲ್ಲಿಂದ ಇಂದಿನ ಇಂಡೊನೇಷ್ಯಾದ ಭಾಷೆಗೆ ಬಂದಿದೆ. ವಿಶ್ವವಿದ್ಯಾಲಯದವರ ಬಾಯಲ್ಲಿ ಅದು ಸಂಕಥನ. ಪತ್ರಿಕೆಗಳಲ್ಲಿ, ಸರ್ಕಾರ ಜನರ ಮುಂದೆ ತೇಲಿಬಿಟ್ಟು ನೋಡುವ ಪ್ರಸ್ತಾಪ. ಇಪ್ಪತ್ತರ ಆಸುಪಾಸಿನ ಹುಡುಗರ ಬಾಯಲ್ಲಿ ಮಾತ್ರ ಅದಕ್ಕೆ ಬೇರೆಯೇ ಅರ್ಥ: ಉತ್ಸಾಹದಿಂದ ಆಡಿದ, ಎಲ್ಲರೂ ತಲೆಯಾಡಿಸಿದ, ಆದರೆ ಎಂದೂ ನಡೆಯದ ಯೋಜನೆ. ಬೆಟ್ಟ ಹತ್ತೋಣ, ಕಡಲಿಗೆ ಹೋಗೋಣ, ಸೇರಿ ಒಂದು ಅಂಗಡಿ ಇಡೋಣ. ಇವೆಲ್ಲ ವಚಾನಾ. ಕೊಟ್ಟ ವಚನಕ್ಕೆ ತಪ್ಪಬಾರದು ಎಂದು ಕೇಳಿ ಬೆಳೆದವಳು ನಾನು. ನುಡಿಗೂ ನಡೆಗೂ ಗಂಟು ಹಾಕಿದ ಸಾಹಿತ್ಯಕ್ಕೇ ವಚನ ಎಂದು ಹೆಸರಿರುವ ಭಾಷೆ ನನ್ನದು. ಅದೇ ಪದ ಅಲ್ಲಿ ತಿರುಗಿ ನಿಂತದ್ದು ಮೊದಲ ಸಲ ಗೊತ್ತಾದಾಗ ಎದೆಗೆ ಏನೋ ಚುಚ್ಚಿದ ಹಾಗಾಗಿತ್ತು. ಒಂದು ಪೀಳಿಗೆ ತನ್ನ ಕನಸುಗಳಿಗೆ ಇಂಥ ಹೆಸರಿಟ್ಟುಕೊಂಡಿದ್ದು ಯಾಕೆ ಎಂಬ ಪ್ರಶ್ನೆಯನ್ನು ಅಂದಿನಿಂದ ಜೊತೆಗಿಟ್ಟುಕೊಂಡಿದ್ದೇನೆ.

ಚಿಂತೆ ಎಂದರೆ ಪ್ರೀತಿ

2019ರ ಸೆಪ್ಟೆಂಬರ್ ಮೊದಲ ವಾರ ನಾನು ಅಲ್ಲಿಗೆ ಹೋಗಿದ್ದು ದರ್ಮಸಿಸ್ವಾ ವಿದ್ಯಾರ್ಥಿವೇತನದ ಮೇಲೆ. ಹೊರದೇಶದವರು ತಮ್ಮ ಭಾಷೆ, ಕಲೆ ಕಲಿಯಲಿ ಎಂದು ಇಂಡೊನೇಷ್ಯಾ ಸರ್ಕಾರ 1974ರಿಂದ ಕೊಡುತ್ತ ಬಂದಿದ್ದು ಅದು. ಸಾಗರದ ಕಡೆಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೆ, ಇಪ್ಪತ್ತೇಳು ತುಂಬಿತ್ತು. ದರ್ಮಸಿಸ್ವಾ ಎಂದರೆ ಧರ್ಮ, ಶಿಷ್ಯ. ಕಾಲೇಜು ವಿದ್ಯಾರ್ಥಿಗೆ ಅಲ್ಲಿ ಮಹಾಸಿಸ್ವಾ, ಮಹಾಶಿಷ್ಯ. ಮೊದಲ ವಾರವೆಲ್ಲ ಬೀದಿಯ ಫಲಕಗಳನ್ನು ಓದುತ್ತ ನೆಂಟರ ಮನೆಗೆ ಬಂದ ಖುಷಿಯಲ್ಲಿದ್ದೆ. ಬಹಾಸಾ ಭಾಷೆ, ಸುಕಾ ದುಕಾ ಸುಖದುಃಖ, ಪುತ್ರಾ ಪುತ್ರಿ ಮಕ್ಕಳು. ಆಮೇಲೆ ನಿಧಾನವಾಗಿ ತಿಳಿಯಿತು, ಈ ನೆಂಟರು ಬಹಳ ಹಿಂದೆಯೇ ಬೇರೆ ಮನೆ ಮಾಡಿದವರು. ದೇಸಾ ಎಂದರೆ ಹಳ್ಳಿ, ನೆಗಾರಾ ಎಂದರೆ ದೇಶ. ನಮ್ಮ ನಗರ ಅಲ್ಲಿ ದೇಶವಾಗಿದೆ, ನಮ್ಮ ದೇಶ ಅಲ್ಲಿ ಹಳ್ಳಿಯಾಗಿದೆ. ಬಹಾಯಾ ಎಂದರೆ ಭಯವಲ್ಲ, ಅಪಾಯ. ಎಲ್ಲಕ್ಕಿಂತ ಹೆಚ್ಚು ನನ್ನನ್ನು ಹಿಡಿದು ನಿಲ್ಲಿಸಿದ್ದು ಚಿಂತಾ. ಚಿಂತಾ ಎಂದರೆ ಪ್ರೀತಿ. ಯಾರನ್ನೋ ನೆನೆದು ನೆನೆದು ಮನಸ್ಸು ಅಲ್ಲೇ ನೆಟ್ಟುಹೋಗುವುದನ್ನು ನಾವು ಚಿಂತೆ ಎಂದೆವು, ಅವರು ಪ್ರೀತಿ ಎಂದರು. ನನಗೆ ಅವರ ಅರ್ಥವೂ ಸರಿ ಎಂದೇ ಕಾಣುತ್ತದೆ.

ಆ ಪದವನ್ನು ಹುಡುಗರು ಹಾಗೆಯೇ ಬಿಟ್ಟಿರಲಿಲ್ಲ. ಪ್ರೀತಿಸಿದವರ ಹಿಂದೆ ಮೈಮರೆತು ತಿರುಗುವವರಿಗೆ ಅವರ ಹೆಸರು ಬುಚಿನ್: ಬುಡಾಕ್ ಚಿಂತಾ, ಪ್ರೀತಿಯ ಗುಲಾಮ. ಸಣ್ಣ ಮಾತಿಗೂ ಮನಸ್ಸಿಗೆ ಹಚ್ಚಿಕೊಳ್ಳುವುದು ಬಾಪೆರ್: ಬಾವಾ ಪೆರಸಾಆನ್, ಭಾವನೆ ಹೊತ್ತು ತಿರುಗುವುದು, ಆ ಪೆರಸಾಆನ್ ಒಳಗೆ ನಮ್ಮ ರಸ ಕೂತಿದೆ. ಹಾಸಿಗೆ ಬಿಟ್ಟು ಏಳಲಾರದ ಸೋಮಾರಿತನ ಮಾಗೆರ್. ಒಡಲಾಳದ ಕಷ್ಟ ಹೇಳಿಕೊಳ್ಳುವುದು ಚುರ್‌ಹಾತ್: ಚುರಾಹಾನ್ ಹಾತಿ, ಎದೆಯನ್ನು ಸುರಿಯುವುದು. ಎರಡು ಪದಗಳ ತಲೆ ಕತ್ತರಿಸಿ ಜೋಡಿಸುವ ಈ ಚಾಳಿ ಹುಡುಗರು ಹುಟ್ಟಿಸಿದ್ದಲ್ಲ. ದೇಶದ ಮೊದಲ ಅಧ್ಯಕ್ಷ ಸುಕರ್ನೋ ಕಾಲದ ರಾಜಕೀಯ, ಸೈನ್ಯ, ಸರ್ಕಾರಿ ಕಚೇರಿಗಳೆಲ್ಲ ಇಂಥ ಕೂಡುಪದಗಳಲ್ಲೇ ಮಾತಾಡಿಕೊಂಡು ಬಂದವು. ಆಳುವವರ ಆ ಉಪಕರಣವನ್ನು ಹುಡುಗರು ಕೈಗೆ ತೆಗೆದುಕೊಂಡು ಅದರಿಂದ ತಮ್ಮ ಒಂಟಿತನಕ್ಕೂ ಸುಸ್ತಿಗೂ ಹೆಸರಿಟ್ಟರು. ಗಾಬುತ್ ಎಂಬ ಪದವನ್ನೇ ನೋಡಿ. ಗಾಜಿ ಬುತಾ, ಕುರುಡು ಸಂಬಳ, ಅಂದರೆ ಕೆಲಸ ಮಾಡದೆ ಎಣಿಸಿಕೊಳ್ಳುವ ಸಂಬಳ. ಇವತ್ತು ಗಾಬುತ್ ಎಂದರೆ ಮಾಡಲು ಏನೂ ಇಲ್ಲದೆ ಸುಮ್ಮನೆ ಕೂತಿರುವುದು. ಸಂಬಳ ಬಿದ್ದುಹೋಗಿದೆ, ಖಾಲಿತನ ಉಳಿದಿದೆ.

ಆ ದೇಶದಲ್ಲಿ ಭಾಷೆಯ ಮೇಲೆ ಯುವಕರಿಗೆ ಒಂದು ಬಗೆಯ ಹಕ್ಕಿದೆ ಎಂದು ನನಗೆ ಅನಿಸುವುದು ಇತಿಹಾಸದ ಕಾರಣಕ್ಕೆ. 1928ರ ಅಕ್ಟೋಬರ್ 28ರಂದು ಬಟಾವಿಯಾದಲ್ಲಿ, ಅಂದರೆ ಇಂದಿನ ಜಕಾರ್ತಾದಲ್ಲಿ, ದ್ವೀಪದ್ವೀಪಗಳಿಂದ ಬಂದು ಸೇರಿದ್ದ ಯುವಕರು ಒಂದು ನಾಡು, ಒಂದು ಜನ, ಒಂದು ಭಾಷೆ ಎಂದು ಪ್ರತಿಜ್ಞೆ ಮಾಡಿದರು. ಎಲ್ಲಕ್ಕಿಂತ ಹೆಚ್ಚು ಜನರಾಡುವ ಜಾವಾ ನುಡಿಯನ್ನು ಬಿಟ್ಟು, ಸಂತೆ ಬಂದರುಗಳಲ್ಲಿ ಎಲ್ಲರಿಗೂ ಒದಗುತ್ತಿದ್ದ ಮಲಯ್ ನುಡಿಯನ್ನು ಇಂಡೊನೇಷ್ಯಾದ ಭಾಷೆ ಎಂದು ಕರೆದರು. ದೇಶ ಹುಟ್ಟುವುದಕ್ಕೆ ಹದಿನೇಳು ವರ್ಷ ಮೊದಲೇ ಅದರ ಭಾಷೆಯನ್ನು ಆರಿಸಿದವರು ಕಾಲೇಜು ವಯಸ್ಸಿನವರು. ಜಾವಾ ನುಡಿಯಲ್ಲಿ ಹಿರಿಯರೊಡನೆ ಆಡುವ ಮಾತೇ ಬೇರೆ, ಸರೀಕರೊಡನೆ ಆಡುವ ಮಾತೇ ಬೇರೆ. ಒಂದು ಕ್ರಿಯಾಪದ ತಪ್ಪಿದರೆ ಮರ್ಯಾದೆಯೇ ತಪ್ಪಿದ ಹಾಗೆ. ನನ್ನ ಓಣಿಯ ಹುಡುಗರು ಮನೆಗೆ ಫೋನ್ ಮಾಡುವಾಗ ಬೆನ್ನು ನೆಟ್ಟಗೆ ಮಾಡಿಕೊಂಡು ಕೂರುತ್ತಿದ್ದರು. ಫೋನ್ ಇಟ್ಟ ಮೇಲೆ ಬಾಪೆರ್, ಮಾಗೆರ್, ಗಾಬುತ್ ಶುರು. ಆ ಹಗುರ ನುಡಿ ಅವರ ಮಟ್ಟಿಗೆ ಉಸಿರು ಬಿಡುವ ಜಾಗ.

ಮೂರು ಕೆಟಲ್‌ಗಳ ಗಾಡಿ

ಅವರ ಇನ್ನೊಂದು ಜಾಗ ಅಂಗ್‌ಕ್ರಿಂಗಾನ್. ಸಂಜೆಯಾದರೆ ಓಣಿಯ ತುದಿಗೆ ಒಂದು ಮರದ ಗಾಡಿ ಬಂದು ನಿಲ್ಲುತ್ತಿತ್ತು. ಮೇಲೆ ಟಾರ್ಪಾಲು, ಒಂದು ಹಳದಿ ಬಲ್ಬು, ಇದ್ದಿಲ ಒಲೆಯ ಮೇಲೆ ಸಾಲಾಗಿ ಮೂರು ಕೆಟಲ್: ಒಂದರಲ್ಲಿ ಬಿಸಿನೀರು, ಒಂದರಲ್ಲಿ ಚಹಾ, ಒಂದರಲ್ಲಿ ಶುಂಠಿ ಕಷಾಯ. ಬಾಳೆಎಲೆಯಲ್ಲಿ ಕಟ್ಟಿಟ್ಟ ನಾಸಿ ಕುಚಿಂಗ್, ಅಂದರೆ ಬೆಕ್ಕಿನ ಅನ್ನ. ಬೆಕ್ಕಿಗೆ ಹಾಕುವಷ್ಟೇ ಸಣ್ಣ ಹಿಡಿ, ಮೇಲೊಂದಿಷ್ಟು ಖಾರ, ಒಣಮೀನು. ಆಗ ಒಂದು ಕಟ್ಟಿಗೆ ಎರಡು ಸಾವಿರ ರೂಪಿಯಾ, ನಮ್ಮ ಹತ್ತು ರೂಪಾಯಿ. ನಾನು ಮೀನು ತಿನ್ನುವುದಿಲ್ಲ ಎಂದು ಗೊತ್ತಾದ ಮೇಲೆ ಗಾಡಿಯ ಅಜ್ಜ ಬೆಲ್ಲದಲ್ಲಿ ಬೇಯಿಸಿದ ತೆಂಪೆಯ, ಅಂದರೆ ಹುದುಗಿಸಿದ ಸೋಯಾಕಾಳಿನ ಗಟ್ಟಿಯ, ಎರಡು ತುಂಡನ್ನು ದಿನಾ ನನಗೆಂದೇ ಎತ್ತಿಡುತ್ತಿದ್ದರು. ಒಂದು ಲೋಟ ಶುಂಠಿ ನೀರು ಹಿಡಿದು ಚಾಪೆಯ ಮೇಲೆ ರಾತ್ರಿ ಒಂದರವರೆಗೆ ಕೂತರೂ ಯಾರೂ ಏಳಿ ಎನ್ನುವುದಿಲ್ಲ. ಹೀಗೆ ಕೂರುವುದಕ್ಕೆ ಅವರ ಪದ ನೊಂಗ್‌ಕ್ರೋಂಗ್. ಮೂಲದಲ್ಲಿ ಕುಕ್ಕರಗಾಲಲ್ಲಿ ಕೂರುವುದು ಎಂದರ್ಥ; ಈಗ ಜೊತೆಗಾರರೊಂದಿಗೆ ಹೊತ್ತು ಕಳೆಯುವುದೆಲ್ಲ ನೊಂಗ್‌ಕ್ರೋಂಗ್. ನಮ್ಮ ಅರಳಿಕಟ್ಟೆಯ ಹರಟೆ ಗೊತ್ತಿದ್ದವರಿಗೆ ಇದನ್ನು ವಿವರಿಸಬೇಕಿಲ್ಲ. ಒಂದು ವ್ಯತ್ಯಾಸ ಹೇಳಬೇಕು: ನಮ್ಮೂರ ಕಟ್ಟೆಯ ಮೇಲೆ ನಾನು ಹೆಣ್ಣಾಗಿ ಒಂದು ಸಂಜೆಯೂ ಕೂತವಳಲ್ಲ. ಅಲ್ಲಿ ಹಿಜಾಬ್ ತೊಟ್ಟ ಹುಡುಗಿಯರು, ತೊಡದವರು, ಹುಡುಗರು ಎಲ್ಲ ಒಂದೇ ಚಾಪೆಯಲ್ಲಿರುತ್ತಿದ್ದರು. ಆ ಒಂದು ಲೋಟ ಶುಂಠಿ ನೀರಿನ ಸುಖವನ್ನು ನಾನು ಇವತ್ತಿಗೂ ಮರೆತಿಲ್ಲ.

ವಚಾನಾ ಎಂಬ ಪದ ನನ್ನ ಕಿವಿಗೆ ಬಿದ್ದದ್ದು ಆ ಚಾಪೆಯ ಮೇಲೆ. ಮೆರಾಪಿ ಬೆಟ್ಟದ ಬುಡದಲ್ಲಿ ಬೆಳಗಾಗುವುದನ್ನು ನೋಡಲು ಹೋಗೋಣ ಎಂದು ಯಾರೋ ಅಂದರು. ದೆಪೋಕ್‌ನವನು ತಕ್ಷಣ ಕೇಳಿದ, "ತಂಗಾಲ್ ಬ್ರಾಪಾ?" ಯಾವ ತಾರೀಖು? ಹೇಳಿದವನು ತಡವರಿಸಿದ. "ತಾರೀಖು ಇಲ್ಲ ಅಂದರೆ ವಚಾನಾ" ಎಂದು ಇವನು ತೀರ್ಪು ಕೊಟ್ಟ. ಅದು ಆ ಗುಂಪಿನ ಕಾನೂನು ಎಂದು ಆಮೇಲೆ ತಿಳಿಯಿತು. ನಾನು ನನ್ನ ಮುರುಕು ಭಾಷೆಯಲ್ಲಿ ವಚನದ ಅರ್ಥ ಹೇಳಲು ಹೊರಟೆ: ನಮ್ಮಲ್ಲಿ ಈ ಪದಕ್ಕೆ ಜೀವ ಹೋದರೂ ಬಿಡಬಾರದ ಮಾತು ಎಂಬ ಅರ್ಥವಿದೆ ಎಂದೆ. ಬ್ಲಿತಾರ್‌ನ ಹುಡುಗಿ ನರ್ಸಿಂಗ್ ಓದುತ್ತಿದ್ದಳು, ಮಾತು ಬಹಳ ಕಡಿಮೆ. ಅವಳು ತುಂಬ ಹೊತ್ತು ಯೋಚಿಸಿ, "ಹಾಗಾದರೆ ಇಲ್ಲಿ ಅದನ್ನು ಕೆಡಿಸಿದವರು ನಾವಲ್ಲ, ಮ್ಬಾಕ್" ಎಂದಳು. ಮ್ಬಾಕ್ ಎಂದರೆ ಅಕ್ಕ.

ಅವಳ ಮಾತಿನ ತೂಕ ನನಗೆ ಗೊತ್ತಾಗಲು ಕೆಲವು ದಿನ ಬೇಕಾಯಿತು. ನಾನು ಅಲ್ಲಿಗೆ ಬರುವುದಕ್ಕೆ ಒಂದೆರಡು ವಾರ ಮುಂಚೆ, ಆಗಸ್ಟ್ 26ರಂದು, ಅಧ್ಯಕ್ಷ ಜೊಕೊ ವಿಡೊಡೊ ದೇಶದ ರಾಜಧಾನಿಯನ್ನು ಜಕಾರ್ತಾದಿಂದ ಬೋರ್ನಿಯೋ ದ್ವೀಪಕ್ಕೆ ಒಯ್ಯುವುದಾಗಿ ಹೇಳಿದ್ದರು. ರಾಜಧಾನಿ ಬದಲಾಯಿಸುವ ಮಾತು ಸುಕರ್ನೋ ಕಾಲದಿಂದಲೂ ಇತ್ತು, ಪತ್ರಿಕೆಗಳು ಅದನ್ನು ವಚಾನಾ ಎಂದೇ ದಶಕಗಟ್ಟಲೆ ಬರೆದಿದ್ದವು. ಕೆಲಸದ ವಚಾನಾ, ಸಂಬಳದ ವಚಾನಾ, ಭ್ರಷ್ಟಾಚಾರ ಒರೆಸಿಹಾಕುವ ವಚಾನಾ. ಮೇಲಿನವರು ತೇಲಿಬಿಟ್ಟು ಮರೆತ ಮಾತುಗಳನ್ನು ಮನೆಯ ಟಿವಿಯಲ್ಲಿ ಕೇಳುತ್ತ ಬೆಳೆದ ಮಕ್ಕಳು, ಅದೇ ಪದವನ್ನು ತಮ್ಮ ಸಣ್ಣ ಪ್ರವಾಸಗಳಿಗೆ ಹಚ್ಚಿದ್ದಾರೆ ಎಂಬುದು ನನ್ನ ತಿಳಿವಳಿಕೆ. ಪದಕೋಶದವರು ಇದನ್ನು ಒಪ್ಪದಿರಬಹುದು. ಆ ಚಾಪೆಯ ಮೇಲೆ ಕೂತವಳಾಗಿ ನನಗೆ ಬೇರೆ ವಿವರಣೆ ಸಿಕ್ಕಿಲ್ಲ.

ಗೆಜಾಯಾನ್, ಸೋಮವಾರ

ಸೆಪ್ಟೆಂಬರ್ 22, ಭಾನುವಾರ ರಾತ್ರಿ. ಅಂಗ್‌ಕ್ರಿಂಗಾನ್‌ನಲ್ಲಿ ಎಂದಿಗಿಂತ ಹೆಚ್ಚು ಜನ. ಭ್ರಷ್ಟಾಚಾರ ನಿಗ್ರಹ ಆಯೋಗವಾದ ಕೆಪಿಕೆಯ ಕೈಕಾಲು ಕಟ್ಟುವ ತಿದ್ದುಪಡಿ ಐದು ದಿನದ ಹಿಂದಷ್ಟೇ ಸಂಸತ್ತಿನಲ್ಲಿ ಪಾಸಾಗಿತ್ತು. ಹೊಸ ದಂಡಸಂಹಿತೆ ಸರದಿಯಲ್ಲಿತ್ತು. ಮದುವೆಯಾಚೆಗಿನ ಸಂಬಂಧದಿಂದ ಹಿಡಿದು ಅಧ್ಯಕ್ಷರಿಗೆ ಅವಮಾನ ಎಂಬವರೆಗೆ ಅದರ ಕೈ ಚಾಚಿತ್ತು. ಮರುದಿನ ಗೆಜಾಯಾನ್ ಬೀದಿಯಲ್ಲಿ ಸೇರಬೇಕೆಂಬ ಕರೆ ಎಲ್ಲರ ಫೋನಿನಲ್ಲೂ ಇತ್ತು. ಆ ಬೀದಿಗೆ ತನ್ನದೇ ನೆನಪಿದೆ. 1998ರ ಮೇ 8ರಂದು ಆಗಿನ ಅಧ್ಯಕ್ಷ ಸುಹಾರ್ತೋ ವಿರುದ್ಧದ ಪ್ರತಿಭಟನೆಯ ರಾತ್ರಿ ಅಲ್ಲಿ ಮೋಸೆಸ್ ಗಾತುತ್‌ಕಾಚಾ ಎಂಬ ತರುಣ ಸತ್ತಿದ್ದ. ಪಕ್ಕದ ಓಣಿಗೆ ಅವನದೇ ಹೆಸರಿದೆ. ಘಟೋತ್ಕಚನ ಹೆಸರು ಹೊತ್ತ ಹುಡುಗ. ಅವನು ಸತ್ತ ಎರಡು ವಾರದೊಳಗೆ ಸುಹಾರ್ತೋ ಇಳಿದರು. ಆ ಚಾಪೆಯಲ್ಲಿದ್ದ ಯಾರಿಗೂ ಅದರ ನೇರ ನೆನಪಿರಲಿಲ್ಲ, ಆಗ ಅವರೆಲ್ಲ ತೊಟ್ಟಿಲಲ್ಲಿದ್ದರು ಅಥವಾ ಹುಟ್ಟಿಯೇ ಇರಲಿಲ್ಲ.

"ಹೋಗ್ತೀರಾ?" ಎಂದೆ. ಮಕಾಸ್ಸರ್‌ನವಳು "ನಾಳೆ ಬೆಳಿಗ್ಗೆ ಎದ್ದರೆ ತಾನೇ" ಎಂದು ನಕ್ಕಳು. ಯಾರೋ "ವಚಾನಾ" ಅಂದರು. ಕೆಬುಮೆನ್‌ನವನು ತನ್ನ ಹಸಿರು ಜಾಕೆಟ್ ಹಾಕಿಕೊಂಡು ಎದ್ದ. ಓದಿನ ನಡುವೆ ರಾತ್ರಿ ಪಾಳಿಯಲ್ಲಿ ಬೈಕ್ ಟ್ಯಾಕ್ಸಿ ಓಡಿಸುತ್ತಿದ್ದ ಹುಡುಗ. ಹೋಗುವ ಮುಂಚೆ ತಿರುಗಿ, "ಇದಕ್ಕೆ ತಾರೀಖು ಇದೆಯಲ್ಲ" ಎಂದ.

ನಮ್ಮ ವಿದ್ಯಾರ್ಥಿವೇತನದ ಷರತ್ತಿನಂತೆ ನಾನು ಯಾವ ರಾಜಕೀಯದಲ್ಲೂ ಕಾಲಿಡುವಂತಿರಲಿಲ್ಲ. ಮನೆಯೊಡತಿ ಅಮ್ಮನೂ ಬೆಳಿಗ್ಗೆಯೇ ಬಾಗಿಲಲ್ಲಿ ನಿಂತು ಎಚ್ಚರಿಸಿದ್ದರು. ಹಾಗಾಗಿ ಬೀದಿಯ ಒಂದು ಜೆರಾಕ್ಸ್ ಅಂಗಡಿಯ ಮಹಡಿಯಿಂದ ನೋಡಿದೆ. ಮೂರು ದಾರಿ ಕೂಡುವ ಆ ಜಾಗಕ್ಕೆ ಮೂರೂ ಕಡೆಯಿಂದ ಸಾವಿರಾರು ಹುಡುಗ ಹುಡುಗಿಯರು ಬಂದರು. ಕೈಯಲ್ಲಿದ್ದ ರಟ್ಟಿನ ಫಲಕಗಳನ್ನು ಓದುತ್ತ ಹೋದಂತೆ ನನಗೆ ಗಂಟಲು ಕಟ್ಟಿತು. ಅದು ಪಕ್ಷಗಳ ಭಾಷೆಯಾಗಿರಲಿಲ್ಲ. ಚಾಪೆಯ ಮೇಲಿನ ಭಾಷೆಯಾಗಿತ್ತು. ಪ್ರೇಮಭಂಗದ ಮಾತನ್ನು ಕಾನೂನಿಗೆ ಹೊಂದಿಸಿದ್ದರು, ಮಾಗೆರ್ ಬಾಪೆರ್‌ಗಳು ಸಂಸತ್ತಿನ ಮುಖಕ್ಕೆ ಹಿಡಿದ ಫಲಕವಾಗಿದ್ದವು. ಗುಂಪಿನ ಅಂಚಿನಲ್ಲಿ ಬ್ಲಿತಾರ್‌ನ ಹುಡುಗಿ ಕಂಡಳು. ಅಶ್ರುವಾಯು ಬಂದರೆ ಇರಲಿ ಎಂದು ಕಣ್ಣಿನ ಕೆಳಗೆ ಬಿಳಿ ಟೂತ್‌ಪೇಸ್ಟ್ ಬಳಿದುಕೊಂಡಿದ್ದಳು, ಹೆಗಲಿಗೆ ಪ್ರಥಮ ಚಿಕಿತ್ಸೆಯ ಚೀಲ. ನಿನ್ನೆ ರಾತ್ರಿ ಚಾಪೆಯ ಮೇಲೆ ಅವಳು ಬರುತ್ತೇನೆ ಎಂದೂ ಹೇಳಿರಲಿಲ್ಲ, ಬರುವುದಿಲ್ಲ ಎಂದೂ ಹೇಳಿರಲಿಲ್ಲ.

ಅವತ್ತು ಅಲ್ಲಿ ಏನೂ ಅನಾಹುತವಾಗಲಿಲ್ಲ. ಸಂಜೆ ಚದುರುವಾಗ ಹುಡುಗರು ಚೀಲ ಹಿಡಿದು ಬೀದಿಯ ಕಸ ಆರಿಸಿಕೊಂಡು ಹೋದರು. ಬೇರೆ ಊರುಗಳಲ್ಲಿ ಹಾಗಿರಲಿಲ್ಲ. ಅದೇ ವಾರ ಸುಲವೇಸಿ ದ್ವೀಪದ ಕೆಂಡಾರಿಯಲ್ಲಿ ಇಬ್ಬರು ವಿದ್ಯಾರ್ಥಿಗಳು ಪ್ರತಿಭಟನೆಯಲ್ಲಿ ಪ್ರಾಣ ಬಿಟ್ಟರು. ದಂಡಸಂಹಿತೆಯನ್ನು ಮುಂದೂಡಿದರು. ಮೂರು ವರ್ಷದ ಬಳಿಕ, 2022ರ ಡಿಸೆಂಬರ್ 6ರಂದು, ಅದು ಪಾಸಾಯಿತು. ಕೆಪಿಕೆ ಕಾನೂನು ಹಾಗೆಯೇ ಉಳಿಯಿತು. ಲೆಕ್ಕ ಹಾಕಿದರೆ ಹುಡುಗರು ಸೋತಿದ್ದಾರೆ. ಆದರೆ ಆ ಮಹಡಿಯಿಂದ ನಾನು ಕಂಡದ್ದನ್ನು ಸೋಲು ಎನ್ನಲು ನನ್ನ ನಾಲಿಗೆ ಏಳುವುದಿಲ್ಲ. ರಾತ್ರಿಯೆಲ್ಲ ಸುಮ್ಮನೆ ಕೂರುತ್ತಾರೆ ಎಂದು ಹಿರಿಯರು ಬೈಯುತ್ತಿದ್ದ ಮಕ್ಕಳು, ಆ ಕೂರುವಿಕೆಯಲ್ಲೇ ಒಬ್ಬರನ್ನೊಬ್ಬರು ಎಷ್ಟು ನಂಬಲು ಕಲಿತಿದ್ದರೆಂದರೆ, ಒಂದು ತಾರೀಖು ಸಿಕ್ಕಾಗ ಯಾರೂ ಯಾರನ್ನೂ ಕರೆಯಬೇಕಾಗಲಿಲ್ಲ.

2020ರ ಮಾರ್ಚಿನಲ್ಲಿ ಸೋಂಕಿನ ಗಾಬರಿಯಲ್ಲಿ ನಮ್ಮನ್ನೆಲ್ಲ ವಾಪಸ್ ಕಳಿಸಿದರು. ಮೆರಾಪಿ ಬುಡದ ಬೆಳಗು ನೋಡಲೇ ಇಲ್ಲ.

ಬಿಳಿ ಪಟ್ಟೆಗಳ ಮೇಲೆ

ಮತ್ತೆ ಹೋಗಿದ್ದು 2022ರ ಜುಲೈನಲ್ಲಿ, ಹತ್ತು ದಿನದ ಮಟ್ಟಿಗೆ. ದೆಪೋಕ್‌ನವನು ಆಗ ಜಕಾರ್ತಾದ ಒಂದು ಕಂಪನಿಯಲ್ಲಿ ವಿಡಿಯೋ ಕೆಲಸ ಮಾಡುತ್ತಿದ್ದ. ದಿನಾ ಲೋಕಲ್ ರೈಲಿನಲ್ಲಿ ನಿಂತು ಹೋಗಿ ನಿಂತು ಬರುವವನು. "ನಮ್ಮೂರ ಮಕ್ಕಳನ್ನು ತೋರಿಸ್ತೀನಿ ಬಾ, ಮ್ಬಾಕ್" ಎಂದು ದುಕುಹ್ ಅತಾಸ್‌ಗೆ ಕರೆದೊಯ್ದ. ಲೋಕಲ್ ರೈಲು, ಮೆಟ್ರೋ, ವಿಮಾನ ನಿಲ್ದಾಣದ ರೈಲು ಎಲ್ಲ ಕೂಡುವ, ಗಾಜಿನ ಬ್ಯಾಂಕು ಕಟ್ಟಡಗಳ ನಡುವಿನ ಜಾಗ ಅದು. ಅಲ್ಲಿನ ಪಾದಚಾರಿ ದಾಟುವಿಕೆಯ ಬಿಳಿ ಪಟ್ಟೆಗಳ ಮೇಲೆ, ಸಿಗ್ನಲ್ ಕೆಂಪಾದಾಗಲೆಲ್ಲ, ಹದಿನೈದು ಹದಿನಾರರ ಮಕ್ಕಳು ಫ್ಯಾಷನ್ ಶೋ ನಡೆಸುತ್ತಿದ್ದರು. ಚಿತಾಯಾಮ್, ಬೊಜೊಂಗ್ ಗೆಡೆ, ದೆಪೋಕ್‌ನಂಥ ಹೊರವಲಯದ ಊರುಗಳಿಂದ ಬಂದವರು. ರೈಲಿನ ದರ ಆಗ ಮೊದಲ 25 ಕಿಲೋಮೀಟರಿಗೆ ಮೂರು ಸಾವಿರ ರೂಪಿಯಾ, ಆಮೇಲೆ ಹತ್ತು ಕಿಲೋಮೀಟರಿಗೆ ಒಂದೊಂದು ಸಾವಿರ. ನಮ್ಮ ಇಪ್ಪತ್ತೈದು ರೂಪಾಯಿಯ ಆಸುಪಾಸಿನಲ್ಲಿ ರಾಜಧಾನಿಯ ಎದೆಗೆ ಬಂದಿಳಿಯಬಹುದಿತ್ತು. ಅದೇ ಸುದಿರ್ಮಾನ್ ರಸ್ತೆಯ ಶ್ರೀಮಂತ ವ್ಯಾಪಾರ ಕೇಂದ್ರದ ಹೆಸರು ಎಸ್‌ಸಿಬಿಡಿ, ಸುದಿರ್ಮಾನ್ ಸೆಂಟ್ರಲ್ ಬಿಸಿನೆಸ್ ಡಿಸ್ಟ್ರಿಕ್ಟ್. ಮಕ್ಕಳು ಅದನ್ನೇ ಸುದಿರ್ಮಾನ್, ಚಿತಾಯಾಮ್, ಬೊಜೊಂಗ್ ಗೆಡೆ, ದೆಪೋಕ್ ಎಂದು ಬಿಡಿಸಿಟ್ಟರು. ಪದಗಳ ತಲೆ ಕತ್ತರಿಸಿ ಜೋಡಿಸುವ ಅದೇ ವಿದ್ಯೆ.

ಒಬ್ಬಳು ಹುಡುಗಿಯನ್ನು ಮರೆಯಲಾರೆ. ಅಪ್ಪನದಿರಬೇಕು, ಮೊಣಕಾಲವರೆಗಿನ ದೊಡ್ಡ ಕೋಟು; ತೋಳಿಗೆ ಬೇರೆ ಬಣ್ಣದ ಬಟ್ಟೆ ಕೂಡಿಸಿ ಕೈಯಲ್ಲೇ ಹೊಲಿದಿದ್ದಳು. ಹೊಲಿಗೆ ಕಾಣಿಸುವ ಹಾಗೇ ಬಿಟ್ಟಿದ್ದಳು. ಸಿಗ್ನಲ್ ಕೆಂಪಾಯಿತು. ಅವಳು ನಡೆದಳು. ನಿಂತ ಕಾರುಗಳ ಬೆಳಕೇ ಅವಳ ವೇದಿಕೆಯ ದೀಪ. ಆ ಕಡೆ ಮುಟ್ಟಿ, ಸೊಂಟದ ಮೇಲೆ ಕೈಯಿಟ್ಟು ತಿರುಗಿ, ಹಸಿರಾಗುವುದರೊಳಗೆ ಈ ಕಡೆ ಓಡಿಬಂದು ಗೆಳತಿಯರನ್ನು ತಬ್ಬಿ ಕುಣಿದಳು. ನಾಲ್ವರಿಗೂ ಸೇರಿ ಸೈಕಲ್ ಮೇಲೆ ಕಾಫಿ ಮಾರುವವನಿಂದ ಕೊಂಡ ಒಂದೇ ಲೋಟ ತಂಪು ಪಾನೀಯ. "ಇದಕ್ಕೆ ಎಷ್ಟು ದಿನ ತಯಾರಿ?" ಎಂದು ಕೇಳಿದೆ. "ಏನಿಲ್ಲ, ಸಾಯಂಕಾಲ ಹೊರಟೆವು" ಎಂದಳು. ದೆಪೋಕ್‌ನವನು ನನ್ನ ಕಿವಿಯಲ್ಲಿ ಹೇಳಿದ: ಆಫೀಸಿನಲ್ಲಿ ಊರು ಯಾವುದು ಅಂದರೆ ನಾನು ಇಷ್ಟು ದಿನ ಜಕಾರ್ತಾ ಎನ್ನುತ್ತಿದ್ದೆ, ಈ ವಾರದಿಂದ ದೆಪೋಕ್ ಎನ್ನುತ್ತಿದ್ದೇನೆ.

ಆಮೇಲೆ ಆದದ್ದು ಹಲವರಿಗೆ ಗೊತ್ತಿರಬಹುದು. ಪ್ರಸಿದ್ಧರು ಬಂದರು, ರಾಜಕಾರಣಿಗಳು ಬಂದು ಪಟ್ಟೆಗಳ ಮೇಲೆ ನಡೆದು ಫೋಟೋ ತೆಗೆಸಿಕೊಂಡರು. ಒಬ್ಬ ನಟನ ಕಂಪನಿ ಚಿತಾಯಾಮ್ ಫ್ಯಾಷನ್ ವೀಕ್ ಎಂಬ ಆ ಮೇಳದ ಹೆಸರನ್ನೇ ತನ್ನ ಟ್ರೇಡ್‌ಮಾರ್ಕ್ ಮಾಡಿಕೊಳ್ಳಲು ಸರ್ಕಾರಕ್ಕೆ ಅರ್ಜಿ ಹಾಕಿತು. ಜನ ರೇಗಿದ ಮೇಲೆ ವಾಪಸ್ ತೆಗೆದುಕೊಂಡಿತು. ಸಂಚಾರಕ್ಕೆ ಅಡ್ಡಿ ಎಂದು ತಿಂಗಳ ಕೊನೆಯ ಹೊತ್ತಿಗೆ ಪೊಲೀಸರು ಬಿಳಿ ಪಟ್ಟೆಗಳನ್ನು ಖಾಲಿ ಮಾಡಿಸಿದರು. ನನಗೆ ಇವತ್ತಿಗೂ ಸಿಟ್ಟಿದೆ. ಅಷ್ಟು ಅಗಲದ ಪಾದಚಾರಿ ಮಾರ್ಗಗಳನ್ನು ಕಟ್ಟಿದ ಊರು, ಅದನ್ನು ಎಲ್ಲರಿಗಿಂತ ಹೆಚ್ಚು ಸಂತೋಷದಿಂದ ಬಳಸಿದ ಮಕ್ಕಳಿಗೆ ಮನೆಗೆ ಹೋಗಿ ಎಂದಿತು. ತಂಪು ಯಂತ್ರದ ಕಾಫಿ ಅಂಗಡಿಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂರಲು ದುಡ್ಡಿರುವವರ ನೊಂಗ್‌ಕ್ರೋಂಗ್ ಮೇಲೆ ಮಾತ್ರ ಯಾರೂ ಬೆರಳೆತ್ತುವುದಿಲ್ಲ.

ವಯಸ್ಸು

ನನ್ನ ಗೆಳೆಯರ ಮಾತಿನ ಧಾಟಿ ಬದಲಾದದ್ದು ಆ ನಂತರದ ವರ್ಷಗಳಲ್ಲಿ. ಕೆಲಸದ ಜಾಹೀರಾತುಗಳ ಫೋಟೋಗಳು ಗುಂಪಿಗೆ ಬರತೊಡಗಿದವು: ವಯಸ್ಸು ಗರಿಷ್ಠ 25, ಅಥವಾ 27, ನೋಡಲು ಆಕರ್ಷಕವಾಗಿರಬೇಕು. ಕೆಬುಮೆನ್‌ನವನು ಪದವಿ ಮುಗಿಸಿ ಎರಡು ವರ್ಷ ಅರ್ಜಿ ಹಾಕಿದ, 26 ದಾಟಿತು, ಹಸಿರು ಜಾಕೆಟ್ ಮತ್ತೆ ತೊಟ್ಟ. ಅವರ ಹೊಸ ಕೂಡುಪದ ಒರ್‌ದಾಲ್: ಒರಾಂಗ್ ದಾಲಾಮ್, ಒಳಗಿನವರು. ನಮ್ಮ ವಶೀಲಿಗೆ ಹತ್ತಿರದ್ದು. ಒರ್‌ದಾಲ್ ಇಲ್ಲದವನಿಗೆ ಬಾಗಿಲಿಲ್ಲ. ಅದೇ ಹೊತ್ತಿಗೆ, 2023ರ ಅಕ್ಟೋಬರ್ 16ರಂದು, ಅಧ್ಯಕ್ಷ ಮತ್ತು ಉಪಾಧ್ಯಕ್ಷ ಸ್ಥಾನಕ್ಕೆ ನಿಲ್ಲಲು 40 ತುಂಬಿರಬೇಕೆಂಬ ನಿಯಮದಲ್ಲಿ ಸಂವಿಧಾನ ನ್ಯಾಯಾಲಯ ಒಂದು ಕಿಂಡಿ ತೆರೆಯಿತು. ಆ ಕಿಂಡಿಯಿಂದ ಅಧ್ಯಕ್ಷ ಜೊಕೊ ವಿಡೊಡೊ ಅವರ 36 ವರ್ಷದ ಮಗ ಗಿಬ್ರಾನ್ ಚುನಾವಣೆಗೆ ನಿಂತು ಉಪಾಧ್ಯಕ್ಷರಾದರು. ತೀರ್ಪಿನ ಪೀಠದಲ್ಲಿದ್ದ ಮುಖ್ಯ ನ್ಯಾಯಮೂರ್ತಿ ಗಿಬ್ರಾನ್ ಅವರ ಸೋದರತ್ತೆಯ ಗಂಡ. ನೀತಿ ಸಮಿತಿ ಅವರನ್ನು ಆ ಹುದ್ದೆಯಿಂದ ಇಳಿಸಿತು, ತೀರ್ಪು ಉಳಿಯಿತು. ಗುಮಾಸ್ತನ ಕೆಲಸಕ್ಕೆ 27 ಮುದಿ ವಯಸ್ಸು, ಇನ್ನೊಂದು ಕೆಲಸಕ್ಕೆ 36 ಸಾಕು. ನಮ್ಮ ಗುಂಪಿನಲ್ಲಿ ಅವತ್ತು ಯಾರೂ ಹಾಸ್ಯ ಮಾಡಲಿಲ್ಲ.

ದೇಶ ಸ್ವತಂತ್ರವಾಗಿ ನೂರು ವರ್ಷ ತುಂಬುವ 2045ಕ್ಕೆ ಇಂಡೊನೇಷ್ಯಾ ಎಮಾಸ್, ಚಿನ್ನದ ಇಂಡೊನೇಷ್ಯಾ ಎಂಬುದು ಸರ್ಕಾರದ ಘೋಷಣೆ. ಹುಡುಗರು ಎಮಾಸ್ ಮುಂದೆ ಒಂದೇ ಅಕ್ಷರ ಸೇರಿಸಿ ಚೆಮಾಸ್ ಎಂದರು. ಚೆಮಾಸ್ ಎಂದರೆ ಕಳವಳ. 2020ರ ಜನಗಣತಿಯ ಪ್ರಕಾರ ದೇಶದ ಶೇಕಡಾ 28ರಷ್ಟು ಜನ 1997ರಿಂದ 2012ರ ನಡುವೆ ಹುಟ್ಟಿದವರು, ಸುಮಾರು ಏಳೂವರೆ ಕೋಟಿ. 2025ರ ಆರಂಭದಲ್ಲಿ 15ರಿಂದ 24ರ ವಯಸ್ಸಿನ ದುಡಿಯಲು ಸಿದ್ಧರಿದ್ದವರಲ್ಲಿ ಶೇಕಡಾ 16ರ ಆಸುಪಾಸಿನವರಿಗೆ ಕೆಲಸವಿರಲಿಲ್ಲ. ಆ ವರ್ಷ ಜಕಾರ್ತಾದ ಕನಿಷ್ಠ ವೇತನ ತಿಂಗಳಿಗೆ ಸುಮಾರು 54 ಲಕ್ಷ ರೂಪಿಯಾ, ಯೋಗ್ಯಕರ್ತಾ ಪ್ರಾಂತ್ಯದ್ದು 22 ಲಕ್ಷದ ಚಿಲ್ಲರೆ. ನಮ್ಮ ಲೆಕ್ಕದಲ್ಲಿ ಇಪ್ಪತ್ತೆಂಟು ಸಾವಿರ ಮತ್ತು ಹನ್ನೆರಡು ಸಾವಿರ. 2018ರಲ್ಲಿ ಇಪ್ಪತ್ತು ಲಕ್ಷವಿದ್ದ ನೋಂದಾಯಿತ ಮದುವೆಗಳು 2024ರಲ್ಲಿ ಹದಿನೈದು ಲಕ್ಷಕ್ಕಿಂತ ಕೆಳಗಿಳಿದವು. ಮಕಾಸ್ಸರ್‌ನವಳ ಮದುವೆಯ ಮಾತು ಮೂರು ವರ್ಷದಿಂದ ಹಾಗೇ ನಿಂತಿದೆ. ವರ ಕೊಡಬೇಕಾದ ಹಣ ಆ ಸೀಮೆಯಲ್ಲಿ ದೊಡ್ಡದು. ಅದರ ಬಗ್ಗೆ ಅವಳೇ ವಚಾನಾ ಎಂದು ಬರೆದಾಗ ನನಗೆ ಉತ್ತರ ಹೊಳೆಯಲಿಲ್ಲ. ಕಾಯಂ ಮಾಡುತ್ತೇವೆ ಎಂಬ ಮಾತು ಕೇಳುತ್ತ ಒಂಬತ್ತನೇ ವರ್ಷವೂ ಅತಿಥಿಯಾಗಿಯೇ ಪಾಠ ಮಾಡುತ್ತಿರುವವಳಿಗೆ ಅವಳ ಬೇಸರ ತಿಳಿಯದ್ದೇನಲ್ಲ.

2025ರ ಫೆಬ್ರುವರಿಯಲ್ಲಿ ಎರಡು ಮಾತುಗಳು ಒಟ್ಟಿಗೆ ಹಬ್ಬಿದವು. ಒಂದು, ಇಂಡೊನೇಷ್ಯಾ ಗೆಲಾಪ್, ಕತ್ತಲಾದ ಇಂಡೊನೇಷ್ಯಾ. ವಿದ್ಯಾರ್ಥಿಗಳು ಕಪ್ಪುಡುಗೆಯಲ್ಲಿ ಬೀದಿಗಿಳಿದರು. ಇನ್ನೊಂದು, ಕಾಬುರ್ ಅಜಾ ದುಲು: ಮೊದಲು ಇಲ್ಲಿಂದ ತಪ್ಪಿಸಿಕೊಂಡು ಹೋಗು. ಹೋಗುವವರು ಹೋಗಲಿ, ಬೇಕಿದ್ದರೆ ವಾಪಸ್ ಬರುವುದೂ ಬೇಡ ಎಂಬರ್ಥದಲ್ಲಿ ಒಬ್ಬ ಉಪಮಂತ್ರಿ ಮಾತಾಡಿದರು. ಬ್ಲಿತಾರ್‌ನ ಹುಡುಗಿ ಆಗಲೇ ಹೋಗಿಯಾಗಿತ್ತು. ಒಂದು ವರ್ಷ ಜಪಾನೀ ಭಾಷೆ ಕಲಿತು, ಪರೀಕ್ಷೆ ಪಾಸು ಮಾಡಿ, ಜಪಾನಿನ ಒಂದು ಸಣ್ಣ ಊರಿನ ವೃದ್ಧಾಶ್ರಮದಲ್ಲಿ ಕೆಲಸಕ್ಕೆ ಸೇರಿದ್ದಳು. ಒಂದು ರಾತ್ರಿ ವಿಡಿಯೋ ಕರೆಯಲ್ಲಿ ತನ್ನ ಕೋಣೆ ತೋರಿಸಿದಳು. ಕಿಟಕಿಯಾಚೆ ಹಿಮ, ಒಳಗೆ ಅಕ್ಕಿ ಬೇಯಿಸುವ ಕುಕ್ಕರ್, ಗೋಡೆಯ ಮೇಲೆ ಕ್ಯಾಲೆಂಡರ್, ಪಾಳಿಗಳ ಗುರುತು. ತಾನು ನೋಡಿಕೊಳ್ಳುವ ಅಜ್ಜಿಯರ ಬಗ್ಗೆ ಬಹಳ ಹೊತ್ತು ಹೇಳಿದಳು. ಒಬ್ಬ ಅಜ್ಜಿ ಇವಳನ್ನು ತನ್ನ ತಂಗಿ ಎಂದೇ ತಿಳಿದಿದ್ದಾರಂತೆ. ಕೊನೆಗೆ, "ನಾವು ಐದು ಜನ ಆ ಚಾಪೆ ಮೇಲೆ ಎಷ್ಟೊಂದು ಮಾತಾಡಿದ್ವಿ, ಮ್ಬಾಕ್. ಅದರಲ್ಲಿ ವಚಾನಾ ಆಗದೆ ಉಳಿದದ್ದು ನಾನು ಹೊರಟುಬಂದದ್ದು ಒಂದೇ" ಎಂದಳು. ಪಕ್ಕದಲ್ಲೇ ಇದ್ದಿದ್ದರೆ ಕೈ ಹಿಡಿದುಕೊಳ್ಳುತ್ತಿದ್ದೆ.

ತಂಗಾಲ್ ಬ್ರಾಪಾ

ಆಗಸ್ಟ್ 2025ರದ್ದನ್ನು ಬರೆಯುವುದು ಕಷ್ಟ. ಸಂಸದರಿಗೆ ಮನೆ ಬಾಡಿಗೆಗೆಂದು ತಿಂಗಳಿಗೆ ಐದು ಕೋಟಿ ರೂಪಿಯಾ ಭತ್ಯೆ ಸಿಗುತ್ತಿದೆ ಎಂಬ ಸುದ್ದಿ, ಅಂದರೆ ಜಕಾರ್ತಾದ ಕನಿಷ್ಠ ವೇತನದ ಒಂಬತ್ತು ಪಟ್ಟಿಗೂ ಹೆಚ್ಚು. ಜನ ಬೀದಿಗೆ ಬಂದರು. 28ರ ರಾತ್ರಿ ಪೊಲೀಸರ ಕವಚವಾಹನವೊಂದು ಗುಂಪಿನ ಮೇಲೆ ಹರಿದು 21 ವರ್ಷದ ಬೈಕ್ ಟ್ಯಾಕ್ಸಿ ಹುಡುಗನೊಬ್ಬ ಸತ್ತ. ಹಸಿರು ಜಾಕೆಟ್‌ನ ಹುಡುಗ. ನಾನು ಕೆಬುಮೆನ್‌ನವನಿಗೆ ರಾತ್ರಿಯೇ ಕರೆ ಮಾಡಿದೆ, ಅವನು ಎತ್ತಲಿಲ್ಲ. ಬೆಳಗಿನ ಜಾವ ಅವನ ಸಂದೇಶ ಬಂತು: ನಾನು ಚೆನ್ನಾಗಿದ್ದೇನೆ, ಜಾಕೆಟ್ ಒಗೆದು ಒಣಹಾಕಿದ್ದೇನೆ. ಅಷ್ಟೇ. ಮುಂದಿನ ದಿನಗಳಲ್ಲಿ ಆ ಜಾಕೆಟ್‌ನ ಹಸಿರು ಮತ್ತು ಪೊಲೀಸರ ಮುಂದೆ ನಿಂತಿದ್ದ ಒಬ್ಬ ತಾಯಿಯ ಹಿಜಾಬ್‌ನ ಗುಲಾಬಿ, ಈ ಎರಡು ಬಣ್ಣಗಳಲ್ಲಿ ಎಲ್ಲರ ಚಿತ್ರಗಳು ಮುಳುಗಿದವು.

ಆಗ ಹೊರಬಂದ ಬೇಡಿಕೆ ಪಟ್ಟಿಯನ್ನು ನಾನು ಹಲವು ಸಲ ಓದಿದ್ದೇನೆ. ಹದಿನೇಳು ಮತ್ತು ಎಂಟು ಎಂದು ಅದಕ್ಕೆ ಹೆಸರು. ಹದಿನೇಳು ಬೇಡಿಕೆಗಳನ್ನು 2025ರ ಸೆಪ್ಟೆಂಬರ್ 5ರೊಳಗೆ ಈಡೇರಿಸಬೇಕು, ಎಂಟನ್ನು 2026ರ ಆಗಸ್ಟ್ 31ರೊಳಗೆ. ನನ್ನ ಕಣ್ಣು ಬೇಡಿಕೆಗಳಿಗಿಂತ ಹೆಚ್ಚು ಆ ತಾರೀಖುಗಳ ಮೇಲೆ ನಿಂತಿತು. ನಮ್ಮ ಮಹಾ ಪ್ರತಿಭಟನೆಗಳ ಮನವಿಪತ್ರಗಳಲ್ಲಿ ‘ಕೂಡಲೇ’ ಎಂದಿರುತ್ತದೆ, ‘ಶೀಘ್ರ’ ಎಂದಿರುತ್ತದೆ. ಇಲ್ಲಿ ದಿನ ಬರೆದಿತ್ತು, ತಿಂಗಳು ಬರೆದಿತ್ತು. ಬರೆದವರು ಯಾರೆಂದು ನನಗೆ ಪರಿಚಯವಿಲ್ಲ, ಆದರೆ ಎಂಥ ಚಾಪೆಗಳಿಂದ ಎದ್ದು ಬಂದವರು ಎಂದು ಗೊತ್ತು. ಮನೆ ಬಾಡಿಗೆ ಭತ್ಯೆ ಆಗಸ್ಟ್ 31ರಿಂದಲೇ ನಿಂತಿದೆ ಎಂದು ಸಂಸತ್ತು ಪ್ರಕಟಿಸಿದ್ದು ಸೆಪ್ಟೆಂಬರ್ 5ರಂದು. ಉಳಿದ ಬಹಳಷ್ಟು ಬಾಕಿ ಇದೆ.

ದೆಪೋಕ್‌ನವನ ಸಂದೇಶವನ್ನು ನಿನ್ನೆ ಮತ್ತೆ ತೆರೆದೆ. ‘ಡಿಸೆಂಬರಿನಲ್ಲಿ’ ಎಂದು ಬರೆದಿದ್ದ, ದಿನ ಬರೆದಿರಲಿಲ್ಲ. ಕಾನೂನು ಮಾಡಿದವನೇ ಮರೆತಿದ್ದ, ಅಥವಾ ಬರೆಯಲು ಅಂಜಿದ್ದ. ಕಾಲೇಜಿನ ರಜೆಯ ಪಟ್ಟಿ, ಬೆಂಗಳೂರಿನಿಂದ ವಿಮಾನದ ದರ, ಪಾಸ್‌ಪೋರ್ಟ್ ಮುಗಿಯುವ ದಿನ ಎಲ್ಲ ನೋಡಿಕೊಂಡು, ಡಿಸೆಂಬರ್ 27, ಶನಿವಾರ, ರಾತ್ರಿ ಎಂಟು ಗಂಟೆ, ಅಜ್ಜನ ಗಾಡಿ ಎಂದು ಗುಂಪಿನಲ್ಲಿ ಬರೆದೆ. ಕೆಬುಮೆನ್‌ನವನು ಮೂರು ಕೆಟಲ್‌ಗಳ ಚಿತ್ರ ಕಳಿಸಿದ. ಮಕಾಸ್ಸರ್‌ನವಳು ಹಡಗಿನ ದರ ಕೇಳುತ್ತಿದ್ದಾಳೆ. ಬ್ಲಿತಾರ್‌ನ ಹುಡುಗಿ ಇನ್ನೂ ನೋಡಿಲ್ಲ. ಅವಳಿಗೆ ಈ ವಾರ ರಾತ್ರಿ ಪಾಳಿ.